ಮಹಾಮಾಯಾಳ ಕಿವಿ

ಮಾಂಜ್ರಾ ಸೇತುವೆ ದಾಟಿ ಏರು ಹತ್ತುವಾಗ ಕಾರು ಮತ್ತೆ ಸೋಲತೊಡಗಿತು. ವೈಜಿನಾಥ ಗೇರು ಇಳಿಸಿದ, ಎಕ್ಸಿಲೇಟರ್ ಪೂರ್ತಿ ಒತ್ತಿದ. ಗಾಡಿ ಎಳೆಯಲಿಲ್ಲ. ಕೊನೆಗೆ ಒಂದು ಜಾಲಿಗಿಡದ ಪಕ್ಕ ನಿಲ್ಲಿಸಿದ. ಅವನ ಹೆಂಡತಿ ಮಹಾಮಾಯಾಳ ಶವವಿದ್ದ ವ್ಯಾನು ಆಗಲೇ ತಿರುವಿನಾಚೆ ಮರೆಯಾಗಿತ್ತು. ಔರಾದ ದಾಟಿ ತಮ್ಮೂರು ಡಾಬಕಾ ಮುಟ್ಟಲು ಇನ್ನೂ ಬಹಳ ದೂರವಿತ್ತು.

"ವ್ಯಾನಿನ್ಯಾಗ ಕೂಡ್ರಿ ಅಂದ್ರ ಕೇಳಲಿಲ್ಲರಿ ನೀವು," ಪಕ್ಕದ ಸೀಟಿನಿಂದ ಇಳಿದು ಬಂದ ನೆರೆಮನೆಯ ಖಾಜಾ ಮಿಯಾ ಕಿಟಕಿಯಲ್ಲಿ ಅವನ ಬಲಗಿವಿಗೆ ಬಾಗಿ ಕೂಗಿದ.

"ಈ ಗಾಡಿ ಬಿಟ್ಟು ಅಕಿ ಎಂದೂ ಊರಿಗೆ ಹೋಗಿಲ್ಲ. ಇವತ್ತ ಇದನ್ನ ಮನಿ ಮುಂದ ಬಿಟ್ಟು ಹ್ಯಾಂಗ ಬರ್ಲಿರಿ?"

ವೈಜಿನಾಥ ಇಳಿದು ಬಾನೆಟ್ ಎತ್ತಿದ. ಖಾಜಾ ಮಿಯಾನನ್ನು ಸ್ಟೇರಿಂಗ್ ಹಿಂದೆ ಕೂಡಿಸಿ, ಎಕ್ಸಿಲೇಟರ್ ಒತ್ತಲು ಹೇಳಿ, ಕಿಟಕಿಗೆ ತನ್ನ ಬಲಗಿವಿ ಒಡ್ಡಿದ.

"ಸಪ್ಪಳ ಬರ್ತದೇನ್ರಿ?"

"ಬರ್ತದ. ಜೋರ ಅದ."

"ಎಂಥಾದು? ಟಕ್ ಟಕ್ ಅಂತದೋ, ಕಿರ್ ಅಂತದೋ?"

ಖಾಜಾ ಮಿಯಾ ಯೋಚಿಸಿದ. "ಗಾಡಿ ಸಪ್ಪಳ ಬಂದಂಗೇ ಬರ್ತದರಿ."

ವೈಜಿನಾಥ ಬಂಪರಿನ ಮೇಲೆ ಕೂತುಬಿಟ್ಟ. ಮೂರು ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಕಳೆದಿದ್ದ.

*

ಹರೆಯದಲ್ಲಿ ಅವನು ಕಮಠಾಣದ ಕಡೆ ಕಲ್ಲು ಒಡೆಯುವ ಯಂತ್ರದ ಮುಂದೆ ಹತ್ತು ವರ್ಷ ದುಡಿದಿದ್ದ. ಅಲ್ಲಿಂದ ಬಿಡುವಾಗ ಎಡಗಿವಿ ಪೂರ್ತಿ ಹೋಗಿತ್ತು. ಬಲಗಿವಿಗೆ ಬಾಯಿಟ್ಟು ಕೂಗಿದರೆ ಮಾತು ತಿಳಿಯುತ್ತಿತ್ತು, ಇಂಜಿನ್ನಿನ ಸಣ್ಣ ಸಪ್ಪಳ ತಿಳಿಯುತ್ತಿರಲಿಲ್ಲ. ಆದರೂ ಹಳೆಯ ಕಾರೊಂದನ್ನು ಕೊಂಡು ಬಾಡಿಗೆಗೆ ಓಡಿಸಿದ, ಮಹಾಮಾಯಾಳ ಕಿವಿಯನ್ನು ನಂಬಿ.

ಅವಳು ಬೀದರಿನ ಅಂಗನವಾಡಿಯೊಂದರಲ್ಲಿ ಶಿಕ್ಷಕಿ. ಇಂಜಿನ್ನಿನ ಒಂದು ಭಾಗದ ಹೆಸರೂ ಅವಳಿಗೆ ಗೊತ್ತಿರಲಿಲ್ಲ. ಅವನು ಮನೆ ಮುಂದೆ ಗಾಡಿ ಚಾಲೂ ಇಟ್ಟರೆ, ಕೈ ಒರೆಸಿಕೊಳ್ಳುತ್ತ ಬಂದು ಕಿವಿಗೊಡುತ್ತಿದ್ದಳು. ಆಮೇಲೆ ತಾನು ಕೇಳಿದ್ದನ್ನು ಬೆರಳ ಗೆಣ್ಣಿನಿಂದ ತಗಡಿನ ಮೇಲೆ ಬಡಿದು ತೋರಿಸುತ್ತಿದ್ದಳು, ಇಲ್ಲವೇ ಉಗುರಿನಿಂದ ಕೆರೆಯುತ್ತಿದ್ದಳು. ಎಲ್ಲೋ ಗಾಳಿ ಸೋರುತ್ತಿದ್ದರೆ ಅವನ ಅಂಗೈ ಮೇಲೆ ಊದುತ್ತಿದ್ದಳು. ಒಮ್ಮೆ ಭಾತಂಬ್ರಾದ ಮದುಮಗಳನ್ನು ಕರೆದೊಯ್ಯುವಾಗ, ಜೊತೆಗೆ ಬಂದಿದ್ದ ಮಹಾಮಾಯಾ ಏನೋ ಸಪ್ಪಳ ಕೇಳಿ ಹಟ ಹಿಡಿದು ಗಾಡಿ ನಿಲ್ಲಿಸಿದ್ದಳು. ಇಳಿದು ನೋಡಿದರೆ ಹಿಂದಿನ ಗಾಲಿ ಕಳಚುವಂತಿತ್ತು. ಆ ಮದುವೆಯಲ್ಲಿ ಮದುಮಗಳ ತಾಯಿ ಬೀಗರಿಗಿಂತ ಮೊದಲು ಅವಳಿಗೆ ಊಟ ಬಡಿಸಿದ್ದಳು.

*

ಹಿಂದಿನ ಬಾಗಿಲು ತೆರೆದು ಖಾಜಾ ಮಿಯಾನ ಹೆಂಡತಿ ಅಕ್ತರಬೀ ಇಳಿದಳು. ಬೆಳಗಿನಿಂದ ಅತ್ತು ಅವಳ ಕಣ್ಣು ಊದಿದ್ದವು.

"ಇನ್ನೊಮ್ಮೆ ಒತ್ರಿ," ಎಂದು ಗಂಡನಿಗೆ ಹೇಳಿ, ತಲೆ ವಾರೆ ಮಾಡಿ ಕೇಳಿದಳು. ಆಮೇಲೆ ಬೆರಳ ಗೆಣ್ಣಿನಿಂದ ತಗಡಿನ ಮೇಲೆ ಎರಡು ಸಲ ಬಡಿದು, ವೈಜಿನಾಥನಿಗೆ ಕಾಣುವಂತೆ ತುಟಿ ಮುಂದೆ ಮಾಡಿ 'ಫುಸ್' ಎಂದು ಊದಿದಳು. ಮತ್ತೆ ಎರಡು ಬಡಿತ, ಮತ್ತೆ ಫುಸ್.

ವೈಜಿನಾಥ ಅವಳ ಕೈಯನ್ನೇ ನೋಡುತ್ತ ನಿಂತ. ಆಮೇಲೆ ಇಂಜಿನ್ ಬಂದ್ ಮಾಡಿಸಿ, ಬಟ್ಟೆ ಸುತ್ತಿದ ಕೈಯಿಂದ ಪ್ಲಗ್ಗುಗಳನ್ನು ಒಂದೊಂದಾಗಿ ಅಲ್ಲಾಡಿಸಿ ನೋಡಿದ. ಮೂರನೆಯದು ಸಡಿಲಾಗಿತ್ತು. ಪಾನಾ ಹಾಕಿ ಬಿಗಿಮಾಡಿದ.

"ಭಾಭಿ, ಹಿಂಗ ಬಡಿದು ತೋರಿಸೋದು ನಿಮಗ ಯಾರು ಕಲಿಸಿದ್ರು?"

ಅಕ್ತರಬೀ ಅವನ ಬಲಕ್ಕೆ ಬಂದಳು. "ನಿಮ್ಮ ಮನಿಯಾಕೀನೇ, ಭಾಯಿ. ಎರಡು ವರ್ಷ ಆಯ್ತು, ಅಕಿಗೂ ಕಿವಿ ಮಂದ ಆಗಿದ್ವು. ದಿನಾ ನೀವು ಗಾಡಿ ಚಾಲೂ ಮಾಡಿದಾಗ ನಮ್ಮ ಅಂಗಳದ ಗ್ವಾಡಿ ಈ ಕಡಿ ನಿಂತು ನಾ ಕೇಳ್ತಿದ್ದೆ. ಅಕಿ ಕೈಮ್ಯಾಲ ಬಡಿದು ತೋರಿಸ್ತಿದ್ದೆ. ಅಕಿ ಬಂದು ನಿಮಗ ತೋರಿಸ್ತಿದ್ಲು."

"ನನಗ್ಯಾಕ ಹೇಳಲಿಲ್ಲ?"

"ಇಬ್ಬರಿಗೂ ಕೇಳಲ್ಲಂದ್ರ ನೀವು ಗಾಡಿ ಮಾರಿಬಿಡ್ತೀರಿ ಅಂತ. ಗಾಡಿ ಹೋದ್ರ ನೀವು ಮನ್ಯಾಗ ಕೂತು ಕೊರಗ್ತೀರಿ ಅಂತಿದ್ಲು."

ಅಂಗನವಾಡಿಯ ಮಕ್ಕಳು ಈಚೆಗೆ ಅವಳನ್ನು ಕೂಗುವ ಬದಲು ಸೆರಗು ಹಿಡಿದು ಎಳೆಯುತ್ತಿದ್ದುದು ವೈಜಿನಾಥನಿಗೆ ನೆನಪಾಯಿತು. ನೋಡಿ ನಕ್ಕಿದ್ದ.

"ದವಾಖಾನಿಗೆ ಒಯ್ಯೋ ದಿನಾನೂ ಗಾಡಿ ಎಳೀಲಿಲ್ಲ, ಭಾಭಿ. ಸಪ್ಪಳ ಅದ ಏನು ಅಂತ ಕೇಳಿದೆ. ಎದಿ ಹಿಡಕೊಂಡು ಕೂತಾಕಿ, ಏನೂ ಇಲ್ಲ, ನಡೀರಿ ಅಂದ್ಲು. ನಾ ನಂಬಿದೆ. ಗಾಡಿ ತೆವಳಿಕೋತ ಹೋಗಿ ತಡ ಆಯ್ತು."

"ಅವತ್ತ ನಾ ಭಾಲ್ಕಿಗೆ ಮಗಳ ಮನಿಗೆ ಹೋಗಿದ್ದೆ." ಅಕ್ತರಬೀ ಸೆರಗಿನಿಂದ ಮುಖ ಮುಚ್ಚಿಕೊಂಡಳು. "ಮನ್ಯಾಗ ಇದ್ದಿದ್ರ ಕೇಳ್ತಿದ್ದೆ."

ವೈಜಿನಾಥ ಪಾನಾವನ್ನು ಬಟ್ಟೆಯಲ್ಲಿ ಸುತ್ತಿಟ್ಟ. ಬಾನೆಟ್ ಮುಚ್ಚಿ, ಅವಳಿಗಾಗಿ ಹಿಂದಿನ ಬಾಗಿಲು ತೆರೆದು ಹಿಡಿದ.

"ಕೂಡ್ರಿ, ಭಾಭಿ. ಅಲ್ಲಿ ಕಾಯಾಕತ್ತಾರ."

ಗಾಡಿ ಏರು ಹತ್ತಿತು.

*

ಡಾಬಕಾದ ಹೊಲದಂಚಿನಲ್ಲಿ ಎಲ್ಲವೂ ಸಿದ್ಧವಾಗಿತ್ತು. ಅಣ್ಣನ ಮಗ ಕಪಿಲ ಎದುರು ಬಂದ. "ಕಾಕಾ, ನಿಮ್ಮ ಸಲುವಾಗೇ ತಡದೀವಿರಿ."

ಬಿಳಿ ಸೀರೆ ಹೊದಿಸಿದ್ದ ಮಹಾಮಾಯಾಳ ತಲೆಯ ಹತ್ತಿರ ಮೇಣಬತ್ತಿಗಳು ಉರಿಯುತ್ತಿದ್ದವು. ಜನ ಕೈಮುಗಿದು ಬೌದ್ಧರ ತ್ರಿಶರಣ ಹೇಳಿದರು. ವೈಜಿನಾಥ ಅವರ ತುಟಿಗಳನ್ನು ನೋಡುತ್ತ ತಾನೂ ತುಟಿ ಆಡಿಸಿದ. ಕಪಿಲ ಕೊಳ್ಳಿಯನ್ನು ಅವನ ಕೈಗೆ ಕೊಟ್ಟ.

ಬೆಂಕಿ ಏರಿದ ಮೇಲೆ ಹಸಿ ಕಟ್ಟಿಗೆಯೊಂದು ಸಿಡಿಯಿತು. ಸುತ್ತಲಿದ್ದವರೆಲ್ಲ ಬೆಚ್ಚಿ ಹಿಂದೆ ಸರಿದರು. ವೈಜಿನಾಥ ಒಬ್ಬನೇ ನಿಂತಲ್ಲೇ ನಿಂತಿದ್ದ, ಅಂಗಿಯ ತೋಳಿನ ಮೇಲೆ ಬಿದ್ದ ಕೆಂಡದ ಚೂರು ಬಿಳಿ ಬಟ್ಟೆಯಲ್ಲಿ ಮೆಲ್ಲಗೆ ತೂತು ಕೊರೆಯುತ್ತಿದ್ದರೂ. ಕಪಿಲ ಓಡಿಬಂದು ಅದನ್ನು ಬರಿಗೈಯಿಂದ ಒರೆಸಿಹಾಕಿದ.