ಗಾಡಿಯ ಗಾಜಿಗೆ ಎಷ್ಟು ನೆರಳು ಬೇಕು?

ಶಿವರಾತ್ರಿ ಕಳೆಯಿತೆಂದರೆ ನಮ್ಮ ಕಡೆ ಗಾಡಿಯೊಳಗೆ ಕೂರುವುದೂ ಒಂದೇ, ಒಲೆಯ ಮುಂದೆ ಕೂರುವುದೂ ಒಂದೇ. ಸೀಟು ಸುಡುತ್ತದೆ. ಸ್ಟೇರಿಂಗ್ ಮುಟ್ಟಲಾಗುವುದಿಲ್ಲ. ಸಂತೆಯಿಂದ ತಂದ ಬಾಳೆಹಣ್ಣು ಊರು ಮುಟ್ಟುವುದರೊಳಗೆ ಬಾಡಿರುತ್ತದೆ. ಬೆಲ್ಲದ ಬಾಗೇವಾಡಿಯ ಜಯಪಾಲನ ಹಳೆಯ ಬಿಳಿ ವ್ಯಾನಿನದೂ ಇದೇ ಪಾಡು. ಇದು ಎರಡು ಸಾವಿರದ ನಾಲ್ಕನೆಯ ಇಸವಿಯ ಮಾತು.

ಆದರೆ ಜಯಪಾಲನ ತಾಯಿ ರಾಜಮತಿಗೆ ಆ ವರ್ಷದ ಬಿಸಿಲು ಬೇಸರ ತರಲಿಲ್ಲ. ಆಗಷ್ಟೇ ಗೋಕಾಕದಲ್ಲಿ ಆಕೆಯ ಎರಡೂ ಕಣ್ಣಿನ ಪೊರೆ ತೆಗೆದಿದ್ದರು. ಎಷ್ಟೋ ವರ್ಷ ಲೋಕವನ್ನೆಲ್ಲ ಹಾಲು ಕದಡಿದ ನೀರಿನಲ್ಲಿ ನೋಡಿದಂತೆ ನೋಡಿದವಳು ಆಕೆ. ಈಗ ಬಸದಿಯ ಮೂರ್ತಿಯ ತುಟಿಯಲ್ಲಿ ನಗು ಇರುವುದು ಕಾಣುತ್ತಿತ್ತು. ಮೊಮ್ಮಗಳು ಮಯೂರಿಯ ಗಲ್ಲದ ಮೇಲಿನ ಮಚ್ಚೆ ಕಾಣುತ್ತಿತ್ತು. ವ್ಯಾನಿನಲ್ಲಿ ಕಿಟಕಿಯ ಪಕ್ಕ ಕೂತರೆ ಆಕೆಗೆ ಮಾತೇ ಬೇಡ. ಕಾಲುವೆಯ ನೀರು ಮಿಣುಕುತ್ತ ಜೊತೆಗೇ ಓಡಿ ಬರುತ್ತಿತ್ತು. ಕಬ್ಬು ಕಡಿದ ಹೊಲದಲ್ಲಿ ಬೆಳ್ಳಕ್ಕಿಗಳು ಇಳಿಯುತ್ತಿದ್ದವು. ಬದುವಿನ ಮೇಲೆ ಮುತ್ತುಗ ಕೆಂಪಗೆ ಹೂ ಬಿಟ್ಟಿತ್ತು. ಊರು ಬಂದರೂ ಆಕೆ ಇಳಿಯದೆ, ಕಂಡದ್ದನ್ನೇ ಮತ್ತೊಮ್ಮೆ ನೆನೆಯುತ್ತ ಕೂತಿರುತ್ತಿದ್ದಳು.

ಕಣ್ಣಿಗೆ ನೇರ ಬಿಸಿಲು ಬೀಳದಂತೆ ನೋಡಿಕೊಳ್ಳಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಅವರು ಕೊಟ್ಟ ಕಪ್ಪು ಕನ್ನಡಕ ರಾಜಮತಿಗೆ ಕಿವಿ ಒತ್ತುತ್ತಿತ್ತು. ಅದನ್ನು ಕಂಡ ಜಯಪಾಲ ಗಾಡಿಯ ಗಾಜಿಗೇ ಕಪ್ಪು ಫಿಲ್ಮ್ ಅಂಟಿಸಿಬಿಡುವುದೆಂದು ತೀರ್ಮಾನ ಮಾಡಿದ. ಗೋಕಾಕದಲ್ಲಿ ಗಂಡನ ಜೊತೆ ಡ್ರೈವಿಂಗ್ ಸ್ಕೂಲ್ ನಡೆಸುವ ತಂಗಿ ಶುಭಾಂಗಿಗೆ ಫೋನ್ ಮಾಡಿದಾಗ ಈ ಸುದ್ದಿ ಹೇಳಿದ. ಎಷ್ಟು ಕಪ್ಪು ಇರಬೇಕೆಂದು ನಿಯಮವಿದೆ, ಗೊತ್ತಿದ್ದವರ ಕೈಯಲ್ಲಿ ಹಾಕಿಸು ಎಂದು ಆಕೆ ಹೇಳಿದಳು. ಸಾಲಿಯ ಪುಸ್ತಕಕ್ಕೆ ರಟ್ಟು ಹಾಕಿದ ಕೈ ಇದು, ಇದೇನು ದೊಡ್ಡದು ಎಂದು ಅವನು ನಕ್ಕು ಫೋನ್ ಇಟ್ಟ.

ಪೇಟೆಯಲ್ಲಿ ಸಿಕ್ಕಿದ್ದರಲ್ಲಿ ಎಲ್ಲಕ್ಕಿಂತ ಕಪ್ಪಾದ ಸುರುಳಿಯನ್ನೇ ತಂದ. ರವಿವಾರ ಅಂಗಳದಲ್ಲಿ ವ್ಯಾನು ನಿಲ್ಲಿಸಿ, ಸೋಪಿನ ನೀರು, ಬ್ಲೇಡು, ಹಳೆಯ ಪಂಚೆ ಇಟ್ಟುಕೊಂಡು ಕೂತ. ಬಾಜೂ ಕಣದಲ್ಲಿ ಜೋಳ ತೂರುತ್ತಿದ್ದರು. ಗಾಳಿಗೆ ಹೊಟ್ಟು ಹಾರಿ ಬಂದು ಒದ್ದೆ ಗಾಜಿಗೆ ಮೆತ್ತಿಕೊಂಡಿತು. ಅದರ ಮೇಲೆಯೇ ಫಿಲ್ಮ್ ಕೂತಿತು. ಒಳಗೆ ಗುಳ್ಳೆಗಳೆದ್ದವು. ಒಂದನ್ನು ಒತ್ತಿದರೆ ಇನ್ನೊಂದು ಕಡೆ ಏಳುತ್ತಿತ್ತು. ಅಂಚು ಕತ್ತರಿಸಲು ಹೋಗಿ ಕಿಟಕಿಯ ರಬ್ಬರು ಸೀಳಿತು, ಗಾಜಿಗೂ ಗೀರು ಬಿತ್ತು. ಸಂಜೆಯ ಹೊತ್ತಿಗೆ ಮುಂದಿನ ದೊಡ್ಡ ಗಾಜೊಂದನ್ನು ಬಿಟ್ಟು ಉಳಿದದ್ದೆಲ್ಲ ಕಪ್ಪಾಗಿತ್ತು. ಜಯಪಾಲ ಬೆವರು ಒರೆಸಿಕೊಳ್ಳುತ್ತ ತಾಯಿಯನ್ನು ಕರೆದು ತೋರಿಸಿದ. ಮಗನ ಮುಖದ ಸಂತೋಷ ನೋಡಿ ರಾಜಮತಿ ಚೆಂದ ಐತಿ ಅಂದಳು.

ಮರುದಿನ ಅದರೊಳಗೆ ಕೂತಾಗ ಆಕೆಗೆ ಹೊತ್ತು ಮುಳುಗಿದ ಹಾಗಾಯಿತು. ಹೊರಗೆ ಮಟಮಟ ಮಧ್ಯಾಹ್ನ, ಒಳಗೆ ಮುಚ್ಚಂಜೆ. ಕಾಲುವೆ ಇತ್ತು, ಮಿಣುಕು ಇರಲಿಲ್ಲ. ಮುತ್ತುಗದ ಹೂ ಇದ್ದಿಲಿನ ಬಣ್ಣಕ್ಕೆ ತಿರುಗಿತ್ತು. ಗುಳ್ಳೆಗಳ ಹಿಂದೆ ಮರಗಳು ಬಾಗಿ, ನೆಟ್ಟಗಾಗಿ, ನಿದ್ದೆಯಲ್ಲಿ ಕಂಡವುಗಳಂತೆ ಸರಿದು ಹೋಗುತ್ತಿದ್ದವು. ಪೊರೆ ಮತ್ತೆ ಬಂತೇನೋ ಎಂದು ಆಕೆ ಒಂದೆರಡು ಸಲ ಕಣ್ಣುಜ್ಜಿಕೊಂಡಳು. ಮಗ ಪ್ರೀತಿಯಿಂದ ಮಾಡಿದ್ದು, ಹೇಗೆ ಹೇಳುವುದು? ಕಣ್ಣು ಮುಚ್ಚಿ, ಮೊದಲು ಕಂಡಿದ್ದನ್ನೇ ಮನಸ್ಸಿನಲ್ಲಿ ನೋಡುತ್ತ ಕೂರುವುದನ್ನು ರೂಢಿ ಮಾಡಿಕೊಂಡಳು.

ಒಂದು ಸಂಜೆ ತಾಯಿ ಮಗ ಹುಕ್ಕೇರಿಯಿಂದ ಬರುತ್ತಿದ್ದರು. ಜೈನರ ಪದ್ಧತಿಯಂತೆ ರಾಜಮತಿ ಹೊತ್ತು ಮುಳುಗಿದ ಮೇಲೆ ಊಟ ಮಾಡುವವಳಲ್ಲ. ಅವ್ವ ಉಪವಾಸ ಮಲಗಬಾರದೆಂದು ಜಯಪಾಲ ಗಾಡಿಯನ್ನು ಜೋರಾಗಿಯೇ ಓಡಿಸಿದ. ಊರ ಹತ್ತಿರ ಎಡಕ್ಕೆ, ಮನೆಗೆ ಹೋಗುವ ತೋಟದ ದಾರಿಗೆ ತಿರುಗಿಸಿದ. ಎಡಗಡೆಯ ಕಪ್ಪು ಗಾಜಿನಾಚೆ ಅವನಿಗೆ ಏನೂ ಕಾಣಲಿಲ್ಲ. ಧಪ್ ಎಂದು ಸಪ್ಪಳವಾಯಿತು. ಇಳಿದು ನೋಡಿದರೆ ದಾರಿಯ ತುಂಬ ಹಸಿ ಹುಲ್ಲು ಚೆಲ್ಲಿತ್ತು. ಅದರ ನಡುವೆ ಸಾತವ್ವ ಬಿದ್ದಿದ್ದಳು. ಅವರ ಹೊಲದಲ್ಲೇ ಎಷ್ಟೋ ವರ್ಷದಿಂದ ದುಡಿಯುವ ಹೆಣ್ಣುಮಗಳು. ಬಲಗೈಯನ್ನು ಎದೆಗೆ ಅವುಚಿಕೊಂಡು ನರಳುತ್ತಿದ್ದಳು.

"ನಾ ನಿಂತೇ ಇದ್ನಿರಿ ಸಾವ್ಕಾರ್ರ," ಎಂದಳು ಆಕೆ. "ನೀವು ನನ್ನ ನೋಡೀರಿ ಅಂದ್ಕೊಂಡಿದ್ನಿ."

ತಾಯಿ ಮಗ ಇಬ್ಬರೂ ಸೇರಿ ಆಕೆಯನ್ನು ಎತ್ತಿ ಕೂರಿಸಿದರು. ಅದೇ ದಾರಿಯಲ್ಲಿ ತಿರುಗಿ ಹುಕ್ಕೇರಿಯ ಆಸ್ಪತ್ರೆಗೆ ಕರೆದೊಯ್ದರು. ಮುಂಗೈ ಎಲುಬು ಮುರಿದಿತ್ತು. ತಲೆಗೆ ಪೆಟ್ಟು ಬೀಳದೆ ಉಳಿದದ್ದು ಪುಣ್ಯ ಎಂದು ಡಾಕ್ಟರು ಹೇಳಿದರು. ರಾಜಮತಿ ಆ ದಿನ ಉಣ್ಣಲಿಲ್ಲ. ಮರುದಿನ ಬೆಳಿಗ್ಗೆಯೂ ತುತ್ತು ಇಳಿಯಲಿಲ್ಲ.

ಸುದ್ದಿ ಕೇಳಿ ಶುಭಾಂಗಿ ಗೋಕಾಕದಿಂದ ಬಂದಳು. ಮುಳುಗುವ ಸೂರ್ಯ ಕಣ್ಣಿಗೆ ಹೊಡೆದ, ಅದಕ್ಕೇ ಹೀಗಾಯಿತು ಎಂದು ಜಯಪಾಲ ಹೇಳುತ್ತಲೇ ಇದ್ದ. ಕಪ್ಪು ಗಾಜಿನ ಗಾಡಿಗಳು ಊರೆಲ್ಲ ಓಡಾಡುತ್ತವೆ, ಎಲ್ಲರೂ ಜನರನ್ನು ಕೆಡವುತ್ತಾರೇನು ಎಂದೂ ಕೇಳಿದ. ಶುಭಾಂಗಿ ಸಂಜೆಯವರೆಗೆ ಕಾದು ಅಣ್ಣನನ್ನು ಅಂಗಳಕ್ಕೆ ಕರೆದಳು.

"ಸ್ಟೇರಿಂಗ್ ಮುಂದ ಕೂಡು. ಬಾಗಲಾ ಹಾಕ್ಕೋ. ಕಿಟಕಿ ಗಾಜ ಇಳಿಸಬ್ಯಾಡ," ಎಂದಳು.

ಆಮೇಲೆ ತಾಯಿಯ ಕೈ ಹಿಡಿದು ಗಾಡಿಯ ಎಡಗಡೆ, ಬೇವಿನ ಮರದ ನೆರಳಲ್ಲಿ ನಿಲ್ಲಿಸಿದಳು. ಕೈ ಎತ್ತು ಎಂದಳು. ರಾಜಮತಿ ಕೈ ಎತ್ತಿದಳು. ಕಪ್ಪು ಗಾಜಿನಲ್ಲಿ ಆಕೆಗೆ ಕಂಡದ್ದು ತನ್ನದೇ ಮುಖ, ಅದರ ಹಿಂದೆ ಆರುತ್ತಿದ್ದ ಆಕಾಶ. ಒಳಗಿದ್ದ ಮಗ ಕಾಣಲಿಲ್ಲ.

"ಈಗ ಹೇಳು ಅಣ್ಣಾ, ಅವ್ವ ಎಲ್ಲಿ ಅದಾಳ?"

ಜಯಪಾಲ ಎಡಕ್ಕೆ ನೋಡಿದ. ಬಗ್ಗಿ ನೋಡಿದ. "ಮನಿಯೊಳಗ ಹೋಗಿರಬೇಕು," ಎಂದ.

"ನಾ ಇಲ್ಲೇ ಅದೀನೋ," ಎಂದಳು ರಾಜಮತಿ.

ಜಯಪಾಲ ಇಳಿದು ಬಂದ. ತಾಯಿ ಎತ್ತಿದ ಕೈ ಇಳಿಸದೆ ಹಾಗೆಯೇ ನಿಂತಿದ್ದಳು. ಅವನು ಆ ಕೈಯನ್ನು ಹಿಡಿದುಕೊಂಡ.

ಅಷ್ಟು ದಿನ ಬಾಯಿಗೆ ಬಾರದ ಮಾತು ರಾಜಮತಿಗೆ ಈಗ ಬಂತು. "ನನಗ ಕಣ್ಣು ಬಂದ ಮ್ಯಾಲ ಹೊಲಾ ನೋಡಬೇಕು, ನೀರು ನೋಡಬೇಕು ಅಂತ ಭಾಳ ಆಸೆ ಇತ್ತು, ಜಯಪಾಲಾ. ಒಳಗ ಏನೂ ಕಾಣವಲ್ದು ಅಂತ ನಿನಗ ಹೇಳಿದ್ರ ನೊಂದ್ಕೋತಿ ಅಂತ ಸುಮ್ನ ಕೂತ್ನಿ. ಪಾಪ, ಸಾತವ್ವ ಅದನ್ನ ಉಣ್ಣೂವಂಗಾತು."

ಅಂಗಳದ ಕಟ್ಟೆಯ ಮೇಲೆ ಕೂತು ಶುಭಾಂಗಿ ಅಣ್ಣನಿಗೆ ತಿಳಿಸಿ ಹೇಳಿದಳು. ಮುಂದಿನ ಮತ್ತು ಹಿಂದಿನ ಗಾಜಿನಲ್ಲಿ ನೂರು ಪಾಲು ಬೆಳಕಿನಲ್ಲಿ ಎಪ್ಪತ್ತು ಪಾಲಾದರೂ ಒಳಗೆ ಬರಬೇಕು, ಪಕ್ಕದ ಗಾಜಿನಲ್ಲಿ ಐವತ್ತಾದರೂ ಬರಬೇಕು. ಆಗಿನ ನಿಯಮ ಅದು. ಗಾಜಿಗೂ ತನ್ನದೇ ಬಣ್ಣ ಇರುವುದರಿಂದ ಎರಡನ್ನೂ ಕೂಡಿಸಿ ಅಳೆಯಬೇಕು. ಕಣ್ಣಂದಾಜು ನಡೆಯುವುದಿಲ್ಲ. ಕಪ್ಪಾದಷ್ಟೂ ತಂಪು ಎಂಬುದೂ ಖರೆಯಲ್ಲ, ಝಳ ತಡೆಯುವ ತಿಳಿ ಬಣ್ಣದ ಫಿಲ್ಮೂ ಸಿಗುತ್ತದೆ.

"ಮನ್ಯಾಗ ನಾವ ಹಾಕ್ಕೋಬಾರದು ಅಂತಲ್ಲ," ಎಂದಳು ಆಕೆ. "ಮನಿ ಕಿಟಕಿಗಿ ಹಾಕ್ಕೋ, ಗುಳ್ಳಿ ಎದ್ರ ಏಳಲಿ. ಗಾಡಿ ಹಂಗಲ್ಲ. ಅದು ಮಂದಿ ನಡುವ ಓಡತೈತಿ."

ಮರುದಿನ ಎಲ್ಲರೂ ಗೋಕಾಕಕ್ಕೆ ಹೋದರು. ಫಿಲ್ಮ್ ಹಾಕುವ ಅಂಗಡಿಯವರು ಗಾಡಿಯನ್ನು ಒಳಗೆ ತೆಗೆದುಕೊಂಡು, ಧೂಳು ಬರದಂತೆ ಬಾಗಿಲು ಮುಚ್ಚಿದರು. ಹಳೆಯ ಫಿಲ್ಮನ್ನು ಬಿಸಿ ಮಾಡಿ ನಿಧಾನಕ್ಕೆ ಬಿಡಿಸಿದರು. ಅಂಟು ತೊಳೆಯುವುದರಲ್ಲೇ ಅರ್ಧ ದಿನ ಹೋಯಿತು. ಜಯಪಾಲನ ಬ್ಲೇಡಿನ ಗೀರುಗಳು ಮಾತ್ರ ಹಾಗೆಯೇ ಉಳಿದವು. ಹೊಸ ಫಿಲ್ಮನ್ನು ಗಾಜಿನ ಅಳತೆಗೆ ಮೊದಲೇ ಕತ್ತರಿಸಿ, ರಬ್ಬರ್ ಪಟ್ಟಿಯಿಂದ ನೀರನ್ನೆಲ್ಲ ಹೊರಗೆ ಎಳೆದು ಕೂರಿಸಿದರು. ಒಂದು ಗುಳ್ಳೆಯೂ ಏಳಲಿಲ್ಲ. ಒಣಗುವವರೆಗೆ ಕಿಟಕಿ ಸರಿಸಬೇಡಿ ಎಂದು ಹೇಳಿದರು. ಬೆಳಕು ಅಳೆದು ತೋರಿಸಿ, ಫಿಲ್ಮಿನ ವಿವರ ಬರೆದ ರಸೀದಿ ಕೊಟ್ಟರು. ಮುಂದಿನ ಎರಡು ಬಾಗಿಲಿಗೂ ತಿಳಿ ಫಿಲ್ಮ್ ಹಾಕಲೇ ಎಂದು ಕೇಳಿದಾಗ, ಅವು ಹಾಗೆಯೇ ಇರಲಿ ಎಂದು ಜಯಪಾಲನೇ ಹೇಳಿದ.

ಸಾತವ್ವನ ಕೈ ಕೂಡುವವರೆಗೆ ಅವಳ ಎಮ್ಮೆಗೆ ಹುಲ್ಲು ಹಾಕುವ ಕೆಲಸವನ್ನು ಜಯಪಾಲ ತಾನೇ ವಹಿಸಿಕೊಂಡ. ಪ್ಲಾಸ್ಟರ್ ತೆಗೆಸಿದ ದಿನ ರಾಜಮತಿ ಆಕೆಯನ್ನು ತನ್ನ ಪಕ್ಕದಲ್ಲೇ ಕೂರಿಸಿಕೊಂಡಳು. ಹಾಗೆಯೇ ಹಿಡಕಲ್ ಕಡೆ ಹೋಗಿ ಬರೋಣ ಎಂದಳು. ಇಳಿಬಿಸಿಲು ಜರಡಿ ಹಿಡಿದಂತೆ ಮೆತ್ತಗೆ ಒಳಗೆ ಬೀಳುತ್ತಿತ್ತು. ತಿರುವಿನಲ್ಲಿ ಅಣೆಕಟ್ಟಿನ ನೀರು ಒಮ್ಮೆಲೇ ತೆರೆದುಕೊಂಡಿತು. ಆಕಾಶವೇ ನೆಲಕ್ಕೆ ಇಳಿದು ಮಲಗಿದ ಹಾಗೆ, ನೀಲಿ. ದೂರದಲ್ಲಿ ಒಂದು ದೋಣಿ ಬಲೆ ಎಳೆಯುತ್ತಿತ್ತು. ಇಬ್ಬರು ಹೆಂಗಸರೂ ಗಾಜಿಗೆ ಮುಖ ತಾಗಿಸಿ ನೋಡಿದರು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಗಾಡಿಯ ಗಾಜಿಗೂ ನೆರಳು ಬೇಕೆನಿಸಿದರೆ ಮೊದಲು ವಿಚಾರಿಸಿ. ನಿಯಮ ಬದಲಾಗುತ್ತಿರುತ್ತದೆ, ಆರ್‌ಟಿಒ ಕಚೇರಿಯಲ್ಲಿ ಒಂದು ಮಾತು ಕೇಳಿಕೊಳ್ಳಿ. ಕೆಲಸ ಗೊತ್ತಿದ್ದವರಿಂದ ಹಾಕಿಸಿ, ರಸೀದಿ ಗಾಡಿಯಲ್ಲೇ ಇರಲಿ. ಈಗಾಗಲೇ ಕಡುಕಪ್ಪು ಫಿಲ್ಮ್ ಅಂಟಿಸಿದ್ದರೆ ನಾಳೆಗೆ ತಳ್ಳದೆ ತೆಗೆಸಿ. ಒಳಗೆ ಕೂತವರಿಗೆ ನೆರಳು ಬೇಕು, ಖರೆ. ಹೊರಗೆ ನಡೆದು ಹೋಗುವವರಿಗೆ ನಿಮ್ಮ ಕಣ್ಣು ಬೇಕು.