ಬಾಯಾರಿದ ಬೆಂಚು

“ಉಚ್ಚೆ ಹುಯ್ಕೊಂಡ ಮೇಲೆ ಅಳೋದೇನೋ, ಮುಂಡೇದೇ? ಒರೆಸು. ನಿನ್ನ ಅಂಗಿ ಬಿಚ್ಚಿ ಒರೆಸು.”

ಹಿಂದಿನ ಬೆಂಚಿನ ಕೆಳಗಿನಿಂದ ಹರಿದದ್ದು ಮುಂದಿನ ಸಾಲಿನ ಬ್ಯಾಗುಗಳತ್ತ ಬರುತ್ತಿತ್ತು. ಮುಂದಿನವರು ಬ್ಯಾಗು ಮಡಿಲಿಗೆ ಎಳೆದುಕೊಂಡು ಕಾಲು ಮೇಲೆತ್ತಿ ಕೂತರು. ಪೇಂಟರ್ ಮಗ ಅಂಗಿಯ ಗುಂಡಿಗೆ ಕೈ ಹಾಕಿದ. ಒಂದೊಂದಾಗಿ ಬಿಚ್ಚತೊಡಗಿದ. ಪಕ್ಕದಲ್ಲಿದ್ದ ಚಿಕ್ಕಮ್ಮ ಸೆರಗು ಮುದುರಿಕೊಂಡು ಬಗ್ಗಿದಳು.

“ನೀನ್ಯಾಕೆ ಬಗ್ತೀಯ? ಅವನೇ ಒರೆಸಲಿ,” ಅಂದರು ಮಿಸ್. “ಇವತ್ತು ಒರೆಸಿದ್ರೆ ನಾಳೆ ಕೇಳೋದು ಕಲೀತಾನೆ.”

ಮಿಸ್ ಪಾಠ ಮಾಡುವುದು ಪೂರ್ತಿ ಇಂಗ್ಲಿಷಿನಲ್ಲಿ, ಬೈಯುವುದು ಎಲ್ಲರಿಗೂ ತಿಳಿಯುವ ಮನೆಮಾತಿನಲ್ಲಿ. ಬೈಗುಳಕ್ಕೆ ಚಿಕ್ಕಮ್ಮ ಯಾವತ್ತೂ ಅರ್ಥ ಹೇಳಬೇಕಾಗಿ ಬಂದಿರಲಿಲ್ಲ.

ಅರ್ಥ ಹೇಳುವುದೇ ಅವಳ ಕೆಲಸ. ಕಟ್ಟಡ ಕೆಲಸದವರ ಶೆಡ್ಡುಗಳಿಂದ ಪುಕ್ಕಟೆ ಸೀಟಿನಲ್ಲಿ ಬಂದ ಮಕ್ಕಳಿಗೆ ಇಂಗ್ಲಿಷಿನ ಗಂಧವೇ ಇಲ್ಲ, ಅವಕ್ಕೊಂದು ಆಸರೆ ಬೇಕು ಎಂದು ಮೇಲಿನವರು ಹೇಳಿದ್ದರಿಂದ, ಅದೇ ಶೆಡ್ಡುಗಳಲ್ಲಿ ಹತ್ತನೇ ಕ್ಲಾಸು ಪಾಸಾಗಿದ್ದ ಅವಳನ್ನು ತಂದು ಹಿಂದಿನ ಬೆಂಚಿನಲ್ಲಿ ಕೂರಿಸಿದ್ದರು. ಮಿಸ್ ಒಂದು ವಾಕ್ಯ ಹೇಳಬೇಕು, ಇವಳು ಆ ಬೆಂಚಿಗಷ್ಟೇ ಕೇಳುವಂತೆ ಅದನ್ನು ಮನೆಮಾತಿನಲ್ಲಿ ಹೇಳಬೇಕು. ದನಿ ಎತ್ತುವಂತಿಲ್ಲ, ಬೆಂಚು ಬಿಟ್ಟು ಮುಂದೆ ಬರುವಂತಿಲ್ಲ. ಅದೇ ಬೆಂಚಿನಲ್ಲಿದ್ದ ಅಕ್ಕನ ಮಗಳು ಗುಬ್ಬಿ ಅವಳನ್ನು ಚಿಕ್ಕಮ್ಮ ಅನ್ನುತ್ತಿದ್ದಳಾದ್ದರಿಂದ ಬೆಂಚಿನವರೆಲ್ಲ ಹಾಗೇ ಕರೆದರು. ಮಿಸ್ ಮಾತ್ರ “ಏ, ಹಿಂದಿನವಳೇ” ಅನ್ನುತ್ತಿದ್ದರು.

ಒಂದಕ್ಕೆ ಹೋಗಬೇಕಾದವರು ಎದ್ದು ನಿಂತು, ಕೈ ಕಟ್ಟಿ, “ಮೇ ಐ ಗೋ ಟು ದ ಟಾಯ್ಲೆಟ್, ಮಿಸ್” ಎಂದು ಗಟ್ಟಿಯಾಗಿ ಕೇಳಬೇಕು. ತಡವರಿಸಿದರೆ “ಸಿಟ್.” ಮತ್ತೆ ಕೇಳಬೇಕಾದರೆ ಮುಂದಿನ ಪೀರಿಯಡ್ಡಿಗೆ ಕಾಯಬೇಕು.

ಸಂಜೆ ಶೆಡ್ಡಿನ ನೀರಿನ ತೊಟ್ಟಿಯ ಹತ್ತಿರ ಚಿಕ್ಕಮ್ಮ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಅದೊಂದೇ ವಾಕ್ಯವನ್ನು ಹೇಳಿಸುತ್ತಿದ್ದಳು. ಅಲ್ಲಿ ಎಲ್ಲರೂ ಹಾಡಿನಂತೆ ಹೇಳುತ್ತಿದ್ದರು. ಬೀದಿನಾಯಿಯೊಂದು ಮರಳಿನ ಗುಡ್ಡೆಗೆ ಕಾಲೆತ್ತಿದಾಗ ಪೇಂಟರ್ ಮಗ ಸೊಂಟಕ್ಕೆ ಕೈಯಿಟ್ಟು, “ಏಯ್, ಸಿಟ್. ಕೇಳಿದ್ಯಾ ಮಿಸ್‌ನ?” ಅಂದ. ಗಾರೆ ಕಲಸುತ್ತಿದ್ದವರೂ ನಕ್ಕರು. ಅದೇ ಹುಡುಗ ಬೆಳಿಗ್ಗೆ ಕ್ಲಾಸಿನಲ್ಲಿ ಎದ್ದು ನಿಂತರೆ ಬಾಯೊಳಗೆ ನಾಲಿಗೆ ಇದೆಯೋ ಇಲ್ಲವೋ ಅನ್ನುವ ಹಾಗಾಗುತ್ತಿತ್ತು.

ಆಮೇಲೆ ಒದ್ದೆ ಮಾಡುವುದು ನಿಂತಿತು. ಹಿಂದಿನ ಬೆಂಚಿನಿಂದ ಕೇಳುವುದಕ್ಕೂ ಯಾರೂ ಏಳಲಿಲ್ಲ.

“ನೋಡಿದ್ಯಾ? ಬಿಗಿ ಮಾಡಿದ್ರೆ ಎಲ್ಲಾ ಸರಿಹೋಗುತ್ತೆ,” ಅಂದರು ಮಿಸ್. “ನೀನು ಸೆರಗಲ್ಲಿ ಒರೆಸ್ತಾ ಕೂತಿದ್ರೆ ಆಗ್ತಿತ್ತಾ?”

ಆದರೆ ಬಿಸಿಲೇರುವ ಹೊತ್ತಿಗೆ ಬೆಂಚಿನವರು ಒಬ್ಬೊಬ್ಬರಾಗಿ ತಲೆ ಒರಗಿಸುತ್ತಿದ್ದರು. ಚಿಕ್ಕಮ್ಮ ಅರ್ಥ ಹೇಳಿದರೆ ತುಟಿ ಸವರಿಕೊಂಡು ಸುಮ್ಮನೆ ನೋಡುತ್ತಿದ್ದರು. ಮನೆಯಲ್ಲಿ ಹೊಟ್ಟೆಗೆ ಸರಿಯಾಗಿ ಬಿದ್ದಿರಲಿಕ್ಕಿಲ್ಲ ಎಂದುಕೊಂಡಳು.

ಒಂದು ಸಂಜೆ ಗುಬ್ಬಿ ಶೆಡ್ಡಿನ ಹಿಂದೆ ಒಂದಕ್ಕೆಂದು ಕುಕ್ಕರಗಾಲಲ್ಲಿ ಕೂತವಳು ಉರಿ ತಾಳದೆ ಕಿರುಚಿಕೊಂಡಳು. ಮೈ ಕಾದ ಹೆಂಚಿನ ಹಾಗಿತ್ತು. ಅಕ್ಕ ಕೈಯ ಸಿಮೆಂಟು ಕೂಡ ತೊಳೆಯದೆ ಮಗಳನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದಳು. ಚಿಕ್ಕಮ್ಮ ಜೊತೆಗೆ ಹೋದಳು.

ನರ್ಸು ಮಗುವಿನ ಕೆಳಗಿನ ರೆಪ್ಪೆ ಎಳೆದು ನೋಡಿ, ನಾಲಿಗೆ ನೋಡಿ, “ಇದಕ್ಕೆ ನೀರು ಕೊಡಲ್ವಾ ನೀವು?” ಅಂದಳು.

“ಕೊಡ್ತೀನಲ್ಲಮ್ಮ. ಸ್ಕೂಲಿಂದ ಬಂದ ಮೇಲೆ,” ಅಂದಳು ಅಕ್ಕ.

“ಬೆಳಿಗ್ಗೆ?”

ಅಕ್ಕ ಗೋಡೆಯ ಕಡೆ ತಿರುಗಿದಳು. “ಬೆಳಿಗ್ಗೆ ಕೊಟ್ರೆ ಅಲ್ಲಿ ಬರುತ್ತಲ್ಲ.”

ವಾಪಸು ಬರುವಾಗ ಗುಬ್ಬಿ ಅಕ್ಕನ ಹೆಗಲ ಮೇಲೆ ನಿದ್ದೆ ಹೋಗಿದ್ದಳು. ರಸ್ತೆ ದಾಟಿದ ಮೇಲೆ ಚಿಕ್ಕಮ್ಮ ಕೇಳಿದಳು.

“ಯಾರಕ್ಕ ನಿಂಗೆ ಇದನ್ನ ಹೇಳ್ಕೊಟ್ಟಿದ್ದು?”

“ಯಾರು ಹೇಳ್ಕೊಡ್ಬೇಕು? ನಾವು ಮಾಡಲ್ವಾ? ಕೆಲಸದ ಜಾಗದಲ್ಲಿ ಹೆಂಗಸರಿಗೆ ಮರೆ ಎಲ್ಲಿದೆ? ಗಂಡಸರಾದ್ರೆ ಕಂಡ ಗೋಡೆಗೆ ತಿರುಗಿ ನಿಲ್ತಾರೆ. ನಾನು ಒಂದು ಗುಟುಕೂ ಕುಡೀದೆ ಗಾರೆ ಬಾಣಲಿ ಹೊರ್ತೀನಿ, ಕತ್ತಲಾದ ಮೇಲೆ ತೊಟ್ಟಿಗೆ ಬಾಯಿ ಹಾಕ್ತೀನಿ. ಆ ಹಲ್ಕಾ ಮೇಸ್ತ್ರಿ ಕಣ್ಣೆದುರು ಮಾನ ಉಳಿಸ್ಕೊಂಡಿರೋದು ಹಾಗೇ. ಇವಳಿಗೂ ಅದನ್ನೇ ಕಲಿಸ್ದೆ.”

“ಅವಳಿನ್ನೂ ಕೂಸು ಕಣಕ್ಕ.”

“ಅದಕ್ಕೇ ಬೇಗ ಅಭ್ಯಾಸ ಆಗುತ್ತೆ.” ಅಕ್ಕ ಮಗಳನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡಳು. “ಪೇಂಟರ್ ಹೆಂಡ್ತೀನೂ ಹಾಗೇ ಮಾಡ್ತಾಳೆ. ಎಲ್ಲರೂ ಮಾಡ್ತಾರೆ. ಮಕ್ಕಳು ಹತ್ತು ಜನದೆದುರು ಅಂಗಿ ಬಿಚ್ಚಿ ನೆಲ ಒರೆಸೋದು ತಪ್ಪಿದೆಯಾ ಇಲ್ವಾ, ನೀನೇ ಹೇಳು. ಅಲ್ಲೇ ಕೂತಿರ್ತೀಯಲ್ಲ.”

ತಪ್ಪಿದ್ದಂತೂ ನಿಜ.

ಮಾರನೆಯ ದಿನ ಅವಳು ಪ್ರಿನ್ಸಿಪಾಲರ ಕೋಣೆಗೆ ಹೋದಳು. ಎದುರಿಗೆ ಮೂರು ಕುರ್ಚಿ ಖಾಲಿ ಇದ್ದವು. ಅವರು ಕೂರು ಅನ್ನಲಿಲ್ಲ.

“ಆ ಮಕ್ಕಳು ಬೆರಳೆತ್ತಿದ್ರೆ ಒಂದಕ್ಕೆ ಬಿಟ್ಬಿಡಿ ಸಾರ್. ಇಂಗ್ಲಿಷ್ ನಾನು ನಿಧಾನಕ್ಕೆ ಕಲಿಸ್ತೀನಿ.”

“ಬೆರಳೆತ್ತೋದು ನಿಮ್ಮ ಶೆಡ್ಡಲ್ಲಿ ಇಟ್ಕೊಳ್ಳಿ. ಇಲ್ಲಿ ಫೀಸು ಕಟ್ಟೋರು ಏನು ನೋಡಿ ಕಟ್ತಾರೆ ಗೊತ್ತಾ? ಬಾಗಿಲ ಹೊರಗೆ ನಿಂತ್ರೂ ಇಂಗ್ಲಿಷ್ ಕೇಳಿಸ್ಬೇಕು, ಅದಕ್ಕೆ.”

“ನೀರು ಕುಡೀದೆ ಬರ್ತಿದಾವೆ ಸಾರ್. ಒಂದು ಮಗು ಜ್ವರ ಬಂದು ಮಲಗಿದೆ.”

“ನೀರು ಕುಡೀಬೇಡಿ ಅಂತ ನಾವು ಹೇಳಿದ್ವಾ?” ಪ್ರಿನ್ಸಿಪಾಲರು ಮೊದಲ ಸಲ ತಲೆ ಎತ್ತಿದರು. “ನಿನ್ನ ಕೆಲಸ ಏನಿಲ್ಲಿ?”

“ಅರ್ಥ ಹೇಳೋದು.”

“ಹಾಗಾದ್ರೆ ನಾನೂ ಒಂದಕ್ಕೆ ಅರ್ಥ ಹೇಳ್ತೀನಿ ಕೇಳ್ಕೋ. ಇನ್ನೊಂದು ಸಲ ರೂಲ್ಸು ಮಾತಾಡೋಕೆ ಬಾಯಿ ತೆಗೆದ್ರೆ, ಸೀದಾ ಗೇಟಿನ ಕಡೆ ನಡೀತಿರು. ನಿಮ್ಮಕ್ಕನ ಮಗಳ್ನೂ ಕರ್ಕೊಂಡೇ ಹೋಗು. ಬಾಣಲಿ ಹೊರೋಕೆ ಇಂಗ್ಲಿಷೇನೂ ಬೇಕಾಗಿಲ್ಲ.”

ಹೊರಗೆ ಬಂದು ಅವಳು ಕಾರಿಡಾರಿನ ಗೋಡೆಗೆ ಒರಗಿ ನಿಂತಳು. ಈ ಕೆಲಸ ಹೋದರೆ ಅವಳಿಗೂ ಉಳಿಯುವುದು ಬಾಣಲಿಯೇ. ಗುಬ್ಬಿಯ ಸೀಟು ಹೋದರೆ ಗುಬ್ಬಿಗೂ ಅಷ್ಟೇ. ಹಿಂದಿನ ಬೆಂಚಿಗೆ ಹೋಗಿ ಕೂತು, ಮಿಸ್ ಹೇಳಿದ್ದಕ್ಕೆಲ್ಲ ಅರ್ಥ ಹೇಳಿದಳು.

ಗುಬ್ಬಿ ಸ್ಕೂಲಿಗೆ ಮರಳಿದ ದಿನ ಚಿಕ್ಕಮ್ಮ ಬೆಂಚಿನವರನ್ನೆಲ್ಲ ಗೇಟಿನ ಪಕ್ಕದ ನಲ್ಲಿಯ ಹತ್ತಿರ ನಿಲ್ಲಿಸಿಕೊಂಡಳು.

“ಕುಡೀರಿ.”

“ಅಮ್ಮ ಬೈತಾಳೆ,” ಅಂದ ಪೇಂಟರ್ ಮಗ.

“ನಿಮ್ಮಮ್ಮನ ಹತ್ರ ನಾನು ಬೈಸ್ಕೊಳ್ತೀನಿ. ಕುಡಿಯೋ, ಕತ್ತೆ.”

“ಬಂದ್ರೆ?”

“ಬಂದ್ರೆ ನೋಡ್ಕೊಳ್ಳೋಣ.”

ಬೊಗಸೆ ಒಡ್ಡಿ ಕುಡಿದರು. ಗುಬ್ಬಿ ಮೂಗಿನವರೆಗೂ ನೀರು ಮಾಡಿಕೊಂಡು ಕುಡಿದಳು.

ಎರಡನೆಯ ಪೀರಿಯಡ್ಡಿನಲ್ಲಿ ಮಿಸ್ ಹಡಗಿನ ಚಿತ್ರ ಬರೆದು ಅದರ ಭಾಗಗಳ ಹೆಸರು ಹೇಳುತ್ತಿದ್ದಾಗ ಗುಬ್ಬಿ ಎದ್ದು ನಿಂತು ಕೈ ಕಟ್ಟಿದಳು.

“ಮೇ ಐ…”

ಮಿಸ್ ಸೀಮೆಸುಣ್ಣ ಕೆಳಗಿಟ್ಟು ಕಾದರು. ಇಡೀ ಕ್ಲಾಸು ತಿರುಗಿ ನೋಡಿತು.

“ಮೇ ಐ… ಮೇ…”

“ಸಿಟ್.”

ಗುಬ್ಬಿ ಕೂರಲಿಲ್ಲ. ಕಾಲಿಗೆ ಕಾಲು ಹೆಣೆದು ಬೆಂಚಿನ ಅಂಚು ಹಿಡಿದಳು. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಒಬ್ಬ ಆಗಲೇ ಬ್ಯಾಗು ಎತ್ತಿಕೊಂಡ.

ಚಿಕ್ಕಮ್ಮ ಎದ್ದಳು. ಬೆಂಚು ಬಿಟ್ಟು, ಸಾಲುಗಳ ನಡುವೆ ನಡೆದು ಮುಂದೆ ಬಂದಳು.

“ಏ, ಹಿಂದಿನವಳೇ. ಎಲ್ಲಿಗೆ? ಹೋಗು ನಿನ್ನ ಜಾಗಕ್ಕೆ.”

ಅವಳು ಮಿಸ್‌ನ ದಾಟಿ ಹೋಗಿ, ಚಿಲಕ ಎಳೆದು, ಬಾಗಿಲನ್ನು ಗೋಡೆಗೆ ತಾಗುವಷ್ಟು ತೆರೆದಳು.

“ಗುಬ್ಬೀ, ಹೋಗಿ ಬಾ. ಯಾರ್ಯಾರಿಗೆ ಬಂದಿದೆಯೋ ಎಲ್ಲಾ ಹೋಗಿ ಬನ್ನಿ.”

ಮುಂದಿನ ಸಾಲಿನವರು ಅವಳ ದನಿಯನ್ನು ಕೇಳಿದ್ದು ಅದೇ ಮೊದಲು. ಗುಬ್ಬಿ ಓಡಿದಳು. ಅವಳ ಹಿಂದೆ ಪೇಂಟರ್ ಮಗ, ಅವನ ಹಿಂದೆ ಹಿಂದಿನ ಬೆಂಚು ಪೂರ್ತಿ. ಅಷ್ಟಕ್ಕೇ ಮುಗಿಯಿತು ಎಂದುಕೊಳ್ಳುವಾಗ ಮೊದಲ ಸಾಲಿನಿಂದ, ಇಸ್ತ್ರಿ ಮಾಡಿದ ಲಂಗದ, ಒಂದು ದಿನವೂ ಹೊರಗೆ ಹೋಗಲು ಕೇಳಿರದ ಹುಡುಗಿ ಎದ್ದಳು. ಮಿಸ್ ಮುಖ ನೋಡಿದಳು, ಬಾಗಿಲು ನೋಡಿದಳು. ಮೊದಲು ಬೇಗ ಬೇಗ ನಡೆದವಳು ಹೊಸ್ತಿಲು ದಾಟಿದ ಮೇಲೆ ಓಡಿದಳು. ಆಮೇಲೆ ತಡೆಯುವುದು ಯಾರ ಕೈಲೂ ಆಗಲಿಲ್ಲ. ಸಾಲು ಸಾಲಾಗಿ ಹೋದರು, ಫೀಸು ಕಟ್ಟಿದವರು, ಕಟ್ಟದವರು, ಆಗ ತಾನೇ ನಕ್ಕವನೂ.

“ಕ್ಲಾಸನ್ನ ಸಂತೆ ಮಾಡ್ಬಿಟ್ಯಲ್ಲೇ, ಕೊಳಕಿ,” ಅಂದರು ಮಿಸ್. “ಪ್ರಿನ್ಸಿಪಾಲರನ್ನೇ ಕರ್ಕೊಂಡು ಬರ್ತೀನಿ ಇರು.”

“ಕರ್ಕೊಂಡು ಬನ್ನಿ ಮಿಸ್. ಬಾಗಿಲು ತೆರೆದೇ ಇದೆ.”

ಮಿಸ್ ಹೋದರು. ಖಾಲಿ ಕ್ಲಾಸಿನಲ್ಲಿ ಚಿಕ್ಕಮ್ಮ ಹಿಂದಿನ ಬೆಂಚನ್ನು ದರದರನೆ ಎಳೆದು ತಂದು, ಬಾಗಿಲು ಮುಚ್ಚಿಕೊಳ್ಳದ ಹಾಗೆ ಅದಕ್ಕೆ ಒತ್ತಿಟ್ಟು, ಅದರ ಮೇಲೆ ಕೂತಳು.

ಪ್ರಿನ್ಸಿಪಾಲರು ಬಂದು ನಿಂತಾಗ ಟಾಯ್ಲೆಟ್ಟಿನ ಕಡೆಯಿಂದ ನೀರು ಸುರಿಯುವ ಸದ್ದು, ಮಕ್ಕಳು ಸರದಿಗೆ ಜಗಳವಾಡುವ ಸದ್ದು ಕೇಳುತ್ತಿತ್ತು. ಎಲ್ಲವೂ ಮನೆಮಾತಿನಲ್ಲಿ.

“ಬೆಂಚು ತೆಗಿ. ತೆಗೆದು ಗೇಟಿನ ಕಡೆ ನಡಿ.”

“ಮಕ್ಕಳಿನ್ನೂ ಮುಗಿಸಿ ಬಂದಿಲ್ಲ ಸಾರ್.”

ಅವರು ಬೆಂಚಿನ ಒಂದು ತುದಿ ಹಿಡಿದು ಎಳೆದರು. ಅವಳು ಎರಡೂ ಕಾಲನ್ನು ನೆಲಕ್ಕೆ ಊರಿದಳು. ಅವರ ಬೆನ್ನ ಹಿಂದೆ, ಕಾರಿಡಾರಿನ ಆಚೆ, ಪಕ್ಕದ ಕ್ಲಾಸಿನ ಬಾಗಿಲು ಒಂದಿಷ್ಟು ತೆರೆದುಕೊಂಡಿತು. ಒಬ್ಬ ಹುಡುಗ ತಲೆ ಹೊರಗೆ ಹಾಕಿ, ತುಟಿ ಕಚ್ಚಿಕೊಂಡು, ಇವರ ಕಡೆಗೊಮ್ಮೆ ಟಾಯ್ಲೆಟ್ಟಿನ ಕಡೆಗೊಮ್ಮೆ ನೋಡತೊಡಗಿದ.