ಫ್ಯಾನಿಲ್ಲದ ಡಬ್ಬಿ

ಹಳೆಯ ಆಫೀಸು ಕಂಪ್ಯೂಟರಾದರೆ ಏಳು ಸಾವಿರ. ಹೊಸ ಮಿನಿ ಪಿಸಿ, ಒಳಗೆ ಫ್ಯಾನ್ ಇರುವುದು, ಹದಿನಾಲ್ಕು. ಫ್ಯಾನೇ ಇಲ್ಲದ್ದು ಇಪ್ಪತ್ತೊಂದು. ಕುಂದಾಪುರದ ಅಂಗಡಿಯಲ್ಲಿ ಮೂರನ್ನೂ ಎದುರಿಗಿಟ್ಟುಕೊಂಡು ಕೂತ ವನಜ ಮನಸ್ಸಿನಲ್ಲೇ ಇನ್ನೊಂದು ಲೆಕ್ಕ ಹಾಕುತ್ತಿದ್ದಳು. ಕಿರಿಮಂಜೇಶ್ವರದ ಮನೆಯ ಹಿಂಬದಿ ಕೋಣೆಯಲ್ಲಿ ಫ್ರೀಜರ್ ತುಂಬ ಮೀನು ಒಮ್ಮೆ ಕೆಟ್ಟರೆ ನಲವತ್ತು ಸಾವಿರ. ಕಳೆದ ಮಳೆಗಾಲದಲ್ಲಿ ಅದೂ ಆಗಿತ್ತು.

ಮೀನು ವ್ಯಾಪಾರದ ವನಜ ಬಂದರಿನ ಏಲಕ್ಕೆ ಹೋದರೆ ಮನೆ ಖಾಲಿ. ಗಂಡ ಗುಡ್ಡನೋ ಮೀನು ಹಿಡಿಯಲು ಕಡಲಿನಲ್ಲಿ. ವೋಲ್ಟೇಜ್ ಇಳಿದಾಗ ಫ್ರೀಜರ್ ಬಂದ್ ಮಾಡಿ, ಸರಿಯಾದ ಮೇಲೆ ಮತ್ತೆ ಹಾಕಿ, ಮೊಬೈಲಿಗೆ ಸುದ್ದಿ ಕಳಿಸುವ ವ್ಯವಸ್ಥೆಯನ್ನು ತಂಗಿಯ ಮಗ ಅಕ್ಷಯ್ ಮಾಡಿಕೊಟ್ಟಿದ್ದ. ಅದನ್ನು ನಡೆಸುತ್ತಿದ್ದ ಅಗ್ಗದ ಡಬ್ಬಿ ಸತ್ತಾಗ ಮೀನೂ ಹೋಯಿತು. ಅಂದಿನಿಂದ ವನಜಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ದೋಣಿಯ ಎಂಜಿನ್ ಕೊಳ್ಳುವವರ ಹಾಗೆ ಅವಳು ಪ್ರಶ್ನೆ ಕೇಳಿದಳು. ಕೆಟ್ಟರೆ ಸಾಮಾನು ಇಲ್ಲೇ ಸಿಗುತ್ತದೆಯೇ, ಎಷ್ಟು ಕರೆಂಟ್ ತಿನ್ನುತ್ತದೆ, ಕರೆಂಟ್ ಹೋಗಿ ಬಂದರೆ ತಾನಾಗಿ ಏಳುತ್ತದೆಯೇ. ಆ ಅಂಗಡಿಯಲ್ಲೇ ಕೆಲಸಕ್ಕಿದ್ದ ಅಕ್ಷಯ್ ವೈರು ಕಿತ್ತು, ಮತ್ತೆ ಸಿಕ್ಕಿಸಿ ತೋರಿಸಿದ. ಡಬ್ಬಿ ತಾನಾಗಿ ಎದ್ದಿತು.

"ಇಪ್ಪತ್ತೊಂದ್ ಸಾವ್ರ ಕೊಟ್ಟ್ ಒಂದ್ ಫ್ಯಾನೂ ಇಲ್ಯಾ ಮಾರಾಯ?"

"ಫ್ಯಾನ್ ಇದ್ರೆ ಉಪ್ಪುಗಾಳಿ ಒಳ್ಗ್ ಎಳ್ಕಂತ್, ದೊಡ್ಡಮ್ಮ. ಇದ್ ಮೈಯಿಂದ್ಲೇ ಬಿಸಿ ಬಿಡತ್ತ್."

ರಿಪೇರಿಗೆ ಬಂದಿದ್ದ ಒಂದನ್ನು ಬಿಚ್ಚಿ ತೋರಿಸಿದ. ಫ್ಯಾನಿನ ರೆಕ್ಕೆಗಳ ಮೇಲೆ ಉಪ್ಪು ಹೆಪ್ಪುಗಟ್ಟಿತ್ತು. ವನಜ ಫ್ಯಾನಿಲ್ಲದ್ದಕ್ಕೇ ಹಣ ಎಣಿಸಿದಳು, ಅಕ್ಷಯ್ ಅದನ್ನು ಮನೆಗೆ ತಂದು ಫ್ರೀಜರಿಗೆ ಜೋಡಿಸಿಕೊಟ್ಟ.

ಆ ವಾರ ಬೈಂದೂರಿನ ಒಂದು ಮನೆಯ, ಮದುವೆಯ ಮುನ್ನಾದಿನದ ಮೆಹಂದಿ ಊಟಕ್ಕೆ ಅಂಜಲ್ ಮೀನಿನ ಆರ್ಡರ್ ಇತ್ತು. ಮೀನೆಲ್ಲ ಫ್ರೀಜರಿನಲ್ಲಿ. ಗುಡ್ಡನೂ ಕಡಲಿನಿಂದ ಬಂದಿದ್ದ. ಮರುದಿನ ವನಜ ಗಂಗೊಳ್ಳಿ ಬಂದರಿನಲ್ಲಿ ಏಲ ಕೂಗುತ್ತಿರುವಾಗ ಮೊಬೈಲ್ ಗುಂಯ್ ಎಂದಿತು. ಡಬ್ಬಿ ಸಂಪರ್ಕದಲ್ಲಿಲ್ಲ ಎಂದು ಅದರ ಆಪ್ ತೋರಿಸುತ್ತಿತ್ತು. ಗುಡ್ಡನಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ನೆಟ್‌ವರ್ಕ್ ಇರಲಿಕ್ಕಿಲ್ಲ, ಸ್ವಲ್ಪ ಕಾಯಿರಿ ಎಂದು ಅಕ್ಷಯ್ ಹೇಳಿದ. ಕಾಯುವುದು ಅವಳಿಂದಾಗಲಿಲ್ಲ. ಒಳ್ಳೆಯ ಬಂಗುಡೆಯ ರಾಶಿ ಕೈಗೆ ಬರುವುದರಲ್ಲಿತ್ತು. ಅದನ್ನು ಬಿಟ್ಟು ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಡಬ್ಬಿಗೂ ಶಾಪ, ಅದನ್ನು ಆರಿಸಿದ ತನಗೂ ಶಾಪ.

ಮನೆಯಲ್ಲಿ ಕರೆಂಟ್ ಇತ್ತು, ಫ್ರೀಜರಿನ ದೀಪ ಮಾತ್ರ ಆರಿತ್ತು. ಡಬ್ಬಿಗೆ ಯಾರೋ ಪ್ಲಾಸ್ಟಿಕ್ ಚೀಲ ತೊಡಿಸಿ, ರಬ್ಬರ್ ಬ್ಯಾಂಡು ಬಿಗಿದಿದ್ದರು. ಮುಟ್ಟಿದರೆ ಕೈ ಸುಡುವ ಬಿಸಿ. ಮೊಬೈಲನ್ನು ಒಳಗೇ ಬಿಟ್ಟು ಅಂಗಳದಲ್ಲಿ ಬಲೆ ಹೊಲಿಯುತ್ತಿದ್ದ ಗುಡ್ಡನನ್ನು ಕರೆದಳು.

"ಹ್ವಾಯ್, ಇದ್ ಎಂತ ಮಾಡಿದ್ದ್ ನೀವ್?"

"ದೋಣಿ ಒಳ್ಗ್ ಮೊಬೈಲಿಗೆ ಹಿಂಗೇ ಚೀಲ ಕಟ್ಟೂದಿಲ್ಯಾ? ಉಪ್ಪುಗಾಳಿ ತಾಗ್ದೆ ಇರ್ಲಿ ಅಂದ್ಹೇಳಿ ಕಟ್ಟಿದೆ."

ಅವನು ಮಾಡಿದ್ದು ಮನೆಯ ವಸ್ತುವಿನ ಮೇಲಿನ ಕಾಳಜಿಯಿಂದ. ಚೀಲ ಬಿಚ್ಚಿ ತಣಿಯಲು ಬಿಟ್ಟು, ವೈರು ಕಿತ್ತು ಮತ್ತೆ ಸಿಕ್ಕಿಸಿದಳು. ಡಬ್ಬಿ ಎದ್ದಿತು, ಫ್ರೀಜರ್ ಗುನುಗತೊಡಗಿತು. ಮುಚ್ಚಳ ತೆಗೆದು ನೋಡಿದರೆ ಕೆಳಗಿನ ಮೀನು ಇನ್ನೂ ಕಲ್ಲಿನ ಹಾಗಿತ್ತು. ಮೇಲಿನ ಸಾಲು ಬೆರಳೊತ್ತಿದರೆ ತಗ್ಗುತ್ತಿತ್ತು. ವೋಲ್ಟೇಜ್ ಇಳಿದಾಗ ಡಬ್ಬಿ ಅದನ್ನು ಬಂದ್ ಮಾಡಿರಬೇಕು. ಫ್ರೀಜರನ್ನು ಮತ್ತೆ ಹಾಕಬೇಕಾದ ಡಬ್ಬಿ ಅಷ್ಟರಲ್ಲಿ ಬಿಸಿಗೆ ಮಲಗಿತ್ತು.

ಅವಳು ಅಕ್ಷಯ್‌ಗೆ ಫೋನ್ ಮಾಡಿದಳು. "ಡಬ್ಬಿ ಸತ್ರೆ ಫ್ರೀಜರ್ ಎಂತಕ್ ಸಾಯ್ಕ್?"

ತಾನು ಜೋಡಿಸಿದ ರೀತಿಯೇ ತಪ್ಪೆಂದು ಅಕ್ಷಯ್ ಒಪ್ಪಿಕೊಂಡ. ಸಂಜೆಗೆ ಬಂದು, ಫ್ರೀಜರನ್ನು ವೋಲ್ಟೇಜ್ ಏರಿಳಿತ ತಡೆಯುವ ಸ್ಟೆಬಿಲೈಸರಿಗೆ ನೇರವಾಗಿ ಜೋಡಿಸಿದ. ಇನ್ನು ಡಬ್ಬಿಯ ಕೆಲಸ ನೋಡಿ ಸುದ್ದಿ ಹೇಳುವುದಷ್ಟೇ.

ಮೆತ್ತಗಾದ ಮೀನನ್ನು ವನಜ ಮೆಹಂದಿ ಮನೆಗೆ ಕೊಡಲಿಲ್ಲ. ಇವತ್ತೇ ಬೇಯಿಸಬೇಕು ಎಂದು ಹೇಳಿಯೇ ಅರ್ಧ ಬೆಲೆಗೆ ನೆರೆಯವರಿಗೆ ಮಾರಿ, ಕಡಿಮೆ ಬಿದ್ದದ್ದನ್ನು ಬೇರೆಯವರಿಂದ ಹೆಚ್ಚು ಬೆಲೆಗೆ ಕೊಂಡಳು. ಅಂದಿನ ಏಲ ಹೋಯಿತು, ಜೊತೆಗೆ ಒಂಬತ್ತು ಸಾವಿರ ಹೋಯಿತು. ಆರ್ಡರ್ ಉಳಿಯಿತು, ಡಬ್ಬಿಯೂ ಉಳಿಯಿತು.